ನೆರೆ ತಂದ ನೆರೆಯವನು

ಕಿಟಕಿ ತೆರೆದಾಗ ಒಂದು ಮೊಳ ದೂರದಲ್ಲಿ ಗಂಡಸಿನ ಮುಖವೊಂದಿತ್ತು. ಬಾಯಿ ತುಂಬ ಟೂತ್‌ಪೇಸ್ಟಿನ ನೊರೆ.

ಅವಳು ಬೆಚ್ಚಿದಳು. ಆದರೂ ರೂಢಿ ತಪ್ಪಿಸಲಿಲ್ಲ. ಕೆದರಿದ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿ, "ಹೊಳೆ ಕೊಟ್ಟಿತು" ಎಂದಳು.

ಅದಕ್ಕೆ ಇರುವುದು ಒಂದೇ ಉತ್ತರ. "ತಗೊಂಡೆ" ಎನ್ನಬೇಕು. ಅಷ್ಟಾದರೆ ಎರಡು ದೋಣಿಮನೆಗಳು ಒಂದು ವರ್ಷದ ಮಟ್ಟಿಗೆ ನೆರೆಮನೆಗಳು.

ಅವನು ಕಣ್ಣರಳಿಸಿದ. ತಲೆಯನ್ನು ಜೋರಾಗಿ ಅಡ್ಡಡ್ಡ ಆಡಿಸಿದ. ಬ್ರಶ್ ಹಿಡಿದ ಕೈಯನ್ನು ಬೇಡ ಬೇಡ ಎನ್ನುವಂತೆ ಬೀಸಿ ಒಳಗೆ ಓಡಿಹೋದ.

ಅವಳು ಕಿಟಕಿ ಮುಚ್ಚಿದಳು. ಕೆನ್ನೆ ಬಿಸಿಯಾಗಿತ್ತು. ಹೋದ ವರ್ಷ ಪಕ್ಕದಲ್ಲಿ ಬರೀ ಜೊಂಡುಹುಲ್ಲು. ಅದರ ಹಿಂದಿನ ವರ್ಷ ಕಿವಿ ಕೇಳದ ಒಬ್ಬ ಮುದುಕಪ್ಪ. ಈ ಸಲ ಮಾತಾಡುವ ಮನುಷ್ಯನೊಬ್ಬ ಸಿಕ್ಕ ಎಂದುಕೊಂಡರೆ ಅವನೂ ಬೇಡ ಎಂದುಬಿಟ್ಟನಲ್ಲ.

ಸ್ವಲ್ಪ ಹೊತ್ತಿಗೆ ಹಲಗೆ ಬಡಿದ ಸದ್ದಾಯಿತು.

"ರೀ, ಇವರೇ! ತಗೊಂಡೆ! ತಗೊಂಡೆ ಅಂತಿದೀನಲ್ಲ!"

"ಬೇಡ ಅಂದ್ರಲ್ಲ," ಎಂದಳು ಒಳಗಿನಿಂದಲೇ.

"ಬೇಡ ಅಲ್ಲ ರೀ, ತಾಳಿ ಅಂದೆ. ಬಾಯಲ್ಲಿ ನೊರೆ. ಹೊಳೆಗೆ ಉಗುಳೋ ಹಾಗಿಲ್ಲ, ನುಂಗೋಕಾಗಲ್ಲ. ನಿನ್ನೆ ದೋಣಿ ಕುಲುಕಾಡಿ ಒಳಗೆ ಎಲ್ಲ ಚೆಲ್ಲಾಪಿಲ್ಲಿ. ಉಗುಳೋ ಡಬ್ಬಿ ಎಲ್ಲಿ ಹೋಯ್ತೋ."

ಅವಳು ತುಟಿ ಕಚ್ಚಿಕೊಂಡಳು. "ಸಿಕ್ತಾ?"

"ಇಲ್ಲ. ಟೀ ಲೋಟಕ್ಕೇ ಉಗುಳಿದೆ."

ನಗು ತಡೆಯಲಾಗಲಿಲ್ಲ. ತನ್ನ ನಗುವಿನ ಸದ್ದು ತನಗೇ ಹೊಸದೆನಿಸಿ, ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡೇ ಕಿಟಕಿ ತೆರೆದಳು.

ಹೊಳೆಯವರ ಬದುಕೇ ಹಾಗೆ. ನೆಲಕ್ಕೆ ಬೇಲಿ ಹಾಕಬಹುದು, ನೀರಿಗೆ ಹಾಕಲಾಗದು. ಹಾಗಾಗಿ ಇಂಥ ಜಾಗ ನನ್ನದು ಎಂದು ಹೊಳೆಯ ಮೇಲೆ ಯಾರೂ ಹೇಳುವಂತಿಲ್ಲ. ವರ್ಷಕ್ಕೊಮ್ಮೆ, ನೀರು ಕೆಂಪಾಗಿ ಎರಡೂ ದಡ ಮುಟ್ಟಿ ಹರಿಯುವಾಗ, ಬಿಚ್ಚುವ ದಿನ ಬರುತ್ತದೆ. ಎಲ್ಲರೂ ದೋಣಿಗಳನ್ನು ಹೊಳೆಯ ಮೇಲ್ಭಾಗಕ್ಕೆ ಒಯ್ದು, ತಮ್ಮ ಹುಟ್ಟು, ಮೋಟಾರುಗಳನ್ನು ಹೊಳೆಯವರ ಹಿರಿಯಳ ದೊಡ್ಡ ದೋಣಿಗೆ ಒಪ್ಪಿಸಿ, ಕಟ್ಟಿದ ಹಗ್ಗಗಳನ್ನೆಲ್ಲ ಬಿಚ್ಚಿ, ಕಿಟಕಿ ಮುಚ್ಚಿ ಒಳಗೆ ಕೂರುತ್ತಾರೆ. ಹೊಳೆ ಯಾರನ್ನು ಎಲ್ಲಿ ನಿಲ್ಲಿಸುತ್ತದೋ ಅದೇ ಆ ವರ್ಷದ ಜಾಗ. ಮರುದಿನ ಸೂರ್ಯ ಹುಟ್ಟಿದ ಮೇಲೆ ಕಿಟಕಿ ತೆರೆದರೆ ಎದುರಿಗೆ ಯಾರಿದ್ದಾರೋ ಅವರೇ ನೆರೆಯವರು. ನೀರು ಉಕ್ಕಿದರೂ ನೆರೆ, ಪಕ್ಕದಲ್ಲಿದ್ದರೂ ನೆರೆ. ಅವರ ಮಟ್ಟಿಗೆ ಎರಡೂ ಒಂದೇ ಮಾತು.

ಕೆಳಗೆ ಕೊನೆಯ ತಿರುವಿನಲ್ಲಿ ಒಂದು ದಡದಿಂದ ಇನ್ನೊಂದು ದಡಕ್ಕೆ ದಪ್ಪ ಹಗ್ಗ ಬಿಗಿದಿದೆ. ಎಲ್ಲೂ ನಿಲ್ಲದ ದೋಣಿಗಳು ಅಲ್ಲಿ ಹೋಗಿ ತಡೆಯುತ್ತವೆ. ಅದರಾಚೆ ಹೊಳೆಯವರು ಯಾರೂ ಇಲ್ಲ.

ಮದುವೆಗೂ ಹೊಳೆಯೇ ಸಾಕ್ಷಿ. ಒಂದು ಸಲ ಪಕ್ಕಪಕ್ಕ ಬಂದರೆ ಆಕಸ್ಮಿಕ ಎನ್ನಬಹುದು. ಮುಂದಿನ ಬಿಚ್ಚುವ ದಿನವೂ ಅದೇ ಎರಡು ದೋಣಿ ಅಕ್ಕಪಕ್ಕ ನಿಂತರೆ ಅದು ಹೊಳೆಯ ಮಾತು. ಆಮೇಲೆ ಯಾರೂ ಏನೂ ಕೇಳುವುದಿಲ್ಲ.

ಅವಳಿಗೂ ಒಮ್ಮೆ ಒಬ್ಬ ನೆರೆಯವನಿದ್ದ. ಆಗ ಅವಳಿಗೆ ಇನ್ನೂ ಜಡೆ ಉದ್ದ, ನಂಬಿಕೆಯೂ ಉದ್ದ. ಎರಡನೆಯ ಸಲ ಹೊಳೆ ಅವನನ್ನು ಬೇರೊಬ್ಬಳ ಪಕ್ಕ ನಿಲ್ಲಿಸಿತು, ಮೂರನೆಯ ಸಲವೂ ಆ ಇನ್ನೊಬ್ಬಳ ಪಕ್ಕವೇ. ಅವರ ಮದುವೆಯ ಬಟ್ಟೆ ಹೊಲಿದುಕೊಟ್ಟವಳು ಇವಳೇ. ತಾಯಿ ಹೋದ ಮೇಲೆ ದೋಣಿಯಲ್ಲಿ ಒಬ್ಬಳೇ. ಊರಿಗೆಲ್ಲ ಅವಳು ಟೈಲರಕ್ಕ. ಬಟ್ಟೆ ಕೊಡಲು ಬರುತ್ತಾರೆ, ಅಳತೆ ಕೊಡುತ್ತಾರೆ, ಹೋಗುತ್ತಾರೆ. ದಿನಕ್ಕೆ ಎಷ್ಟೋ ಜನರ ಭುಜ, ಸೊಂಟ, ತೋಳು ಅವಳ ಟೇಪು ಮುಟ್ಟುತ್ತಿತ್ತು. ಅವಳನ್ನು ಮುಟ್ಟಿ ಮಾತಾಡಿಸುವವರು ಯಾರೂ ಇರಲಿಲ್ಲ. ಕೆಲವೊಮ್ಮೆ ಅವಳು ಹೊಲಿಗೆ ಮೆಷಿನ್ನಿಗೇ, "ಏನೇ, ಇವತ್ತು ಸಿಟ್ಟಾ?" ಎನ್ನುತ್ತಿದ್ದಳು.

ಹೊಸ ನೆರೆಯವನು ಮೋಟಾರು ರಿಪೇರಿಯವನು. ಎಷ್ಟು ತೊಳೆದರೂ ಉಗುರಿನ ಸಂದಿಯ ಕಪ್ಪು ಹೋಗದ ಕಾರಣ ಜನ ಅವನನ್ನು ಗ್ರೀಸಣ್ಣ ಎಂದೇ ಕರೆಯುತ್ತಿದ್ದರು. ಬಹಳ ವರ್ಷ ನೆಲದ ಮೇಲೆ, ಪಟ್ಟಣದ ಗ್ಯಾರೇಜೊಂದರಲ್ಲಿದ್ದು ಈಚೆಗೆ ಹೊಳೆಗೆ ಮರಳಿದ್ದ.

ಎರಡು ದೋಣಿಗಳ ನಡುವೆ ಒಂದು ಗೇಣು ಹಗ್ಗ. ಅವನು ತನ್ನ ದೋಣಿಯಲ್ಲಿ ನಡೆದರೆ ಇವಳ ದೋಣಿ ಮೆಲ್ಲಗೆ ತೂಗುತ್ತಿತ್ತು. ಮೆಷಿನ್ನಿನ ಮೇಲೆ ಮೊಳೆಗೆ ನೇತುಹಾಕಿದ ಕತ್ತರಿ ಅಲ್ಲಾಡುತ್ತಿತ್ತು. ಕೆಲವೇ ದಿನಗಳಲ್ಲಿ ಅವಳಿಗೆ ಕತ್ತರಿಯನ್ನು ನೋಡಿಯೇ ತಿಳಿಯತೊಡಗಿತು: ಈಗ ಎದ್ದ, ಈಗ ಸ್ಟೌವ್ ಹತ್ತಿರ ಹೋದ, ಈಗ ಏನನ್ನೋ ಹುಡುಕುತ್ತಿದ್ದಾನೆ. ಹುಡುಕುವುದಂತೂ ದಿನವೂ ಇತ್ತು.

"ಸ್ಕ್ರೂಡ್ರೈವರ್ರಾ?" ಎಂದು ಕೂಗುವಳು.

"ನಿಮಗೆ ಹೇಗೆ ಗೊತ್ತಾಯ್ತು?"

"ಕಿವಿ ಮೇಲೆ ನೋಡ್ಕೊಳ್ಳಿ."

ಕತ್ತರಿ ಅಲ್ಲಾಡುವುದು ನಿಂತಿತು. ಆಮೇಲೆ, "ಇದೆ" ಎಂಬ ಸಣ್ಣ ಸ್ವರ.

ಒಂದು ಮಧ್ಯಾಹ್ನ ಅವನ ಅಂಗಿಯ ತೋಳು ಹರಿದಿತ್ತು. ಕಿಟಕಿಯಿಂದ ಕೈ ಚಾಚಿದ. ಅಂಗಿ ಬಿಚ್ಚಿ ಕೊಡಿ ಎನ್ನಬೇಕಿತ್ತು ಅವಳು. ಎನ್ನಲಿಲ್ಲ. ತೋಳು ಅವನ ಮೈಮೇಲೆ ಇದ್ದ ಹಾಗೆಯೇ ಹೊಲಿದಳು. ಸೂಜಿ ಚರ್ಮಕ್ಕೆ ತಾಗದಿರಲಿ ಎಂದು ಬಟ್ಟೆಯ ಒಳಗೆ ತನ್ನ ಎರಡು ಬೆರಳು ಇಟ್ಟುಕೊಂಡಳು. ಅವನು ಉಸಿರು ಬಿಗಿಹಿಡಿದು ಹೊಳೆಯ ಕಡೆ ನೋಡುತ್ತಿದ್ದ.

"ನೆಲ ಬಿಟ್ಟು ಯಾಕೆ ಬಂದ್ರಿ?" ಎಂದು ಕೇಳಿದಳು.

"ನಿದ್ದೆ ಬರ್ತಿರ್ಲಿಲ್ಲ. ಅಲ್ಲಿ ಮಂಚ ಅಲ್ಲಾಡಲ್ಲ. ಪಕ್ಕದ ರೂಮಲ್ಲಿ ಮನುಷ್ಯ ಇದ್ದಾನೋ ಸತ್ತಿದ್ದಾನೋ ಗೊತ್ತಾಗಲ್ಲ. ನಾನು ಸತ್ತರೂ ಯಾರಿಗೂ ಗೊತ್ತಾಗಲ್ಲ ಅನ್ನಿಸ್ತು."

ಅವಳು ದಾರವನ್ನು ಹಲ್ಲಿನಿಂದ ಕಡಿಯಲು ಬಾಗಿದಳು. ಅವಳ ಉಸಿರು ಅವನ ಮುಂಗೈಗೆ ತಾಗಿತು. ಇಬ್ಬರೂ ಆಮೇಲೆ ಬಹಳ ಹೊತ್ತು ಹವಾಮಾನದ ಬಗ್ಗೆ ಮಾತಾಡಿದರು.

ಹೊಳೆಯ ಮೇಲೆ ಸುಳ್ಳಾಡುವಂತಿಲ್ಲ. ನೀರು ಎಲ್ಲವನ್ನೂ ಹೊತ್ತೊಯ್ಯುತ್ತದೆ, ಸುಳ್ಳನ್ನು ಮಾತ್ರ ಒಯ್ಯದೆ ಆಡಿದವರ ದೋಣಿಯ ಕೆಳಗೇ ಬಿಟ್ಟುಹೋಗುತ್ತದೆ ಎಂದು ಹಿರಿಯರ ಮಾತು. ಆದರೆ ಸುಳ್ಳಿಲ್ಲದೆ ಸಂಸಾರ ನಡೆಯುವುದುಂಟೇ? ಅದಕ್ಕೇ ದಡದಲ್ಲಿ ಒಂದು ಅಗಲವಾದ ಕಲ್ಲುಮೆಟ್ಟಿಲಿದೆ. ಅತ್ತೆಗೆ "ಅಡುಗೆ ಚೆನ್ನಾಗಿತ್ತು" ಎನ್ನಬೇಕಾದ ಸೊಸೆಯಂದಿರು, ಹೆಂಡತಿಗೆ "ನೀನು ದಪ್ಪ ಆಗಿಲ್ಲ" ಎನ್ನಬೇಕಾದ ಗಂಡಂದಿರು ಅಲ್ಲಿಗೆ ಹೋಗಿ ಹೇಳಿ ಬರುತ್ತಾರೆ. ಅದರ ಹೆಸರೇ ಸುಳ್ಳುಮೆಟ್ಟಿಲು.

ಯಾವುದೋ ಬಿಡಿಭಾಗ ತರಲು ಅವನು ಪಟ್ಟಣಕ್ಕೆ ಹೋದವನು ಮೂರು ದಿನ ಬರಲಿಲ್ಲ. ಕತ್ತರಿ ಮೊಳೆಯ ಮೇಲೆ ಸತ್ತ ಹಾಗೆ ನೇತಾಡಿತು. ಅವಳು ಒಂದೇ ತೋಳನ್ನು ಎರಡು ಸಲ ತಪ್ಪು ಕೂಡಿಸಿ ಬಿಚ್ಚಿದಳು.

ಬಂದವನೇ ಕಿಟಕಿಗೆ ಮೊಣಕೈ ಊರಿ ನಿಂತ. "ಬೇಜಾರಾಯ್ತಾ ನಾನಿಲ್ದೆ?"

ಅವಳು ಮೆಷಿನ್ ಬಿಟ್ಟು ಎದ್ದಳು. ಪುಟ್ಟ ತೆಪ್ಪ ಹತ್ತಿ ದಡದತ್ತ ಹುಟ್ಟು ಹಾಕಿದಳು. ಸುಳ್ಳುಮೆಟ್ಟಿಲಿನ ಮೇಲೆ ಎರಡೂ ಕಾಲು ಊರಿ, ಸೊಂಟಕ್ಕೆ ಕೈಯಿಟ್ಟು, ಎಲ್ಲರಿಗೂ ಕೇಳುವ ಹಾಗೆ ಕೂಗಿದಳು: "ಇಲ್ಲ! ಒಂಚೂರೂ ಇಲ್ಲ!"

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ ರಭಸಕ್ಕೆ ಎರಡೂ ದೋಣಿಗಳು ತೂಗಾಡಿದವು. ಅಕ್ಕಪಕ್ಕದ ಕಿಟಕಿಗಳೆಲ್ಲ ತೆರೆದವು. ಅವತ್ತಿನಿಂದ ಅವರ ನಡುವೆ ನೀವು ಹೋಗಿ ನೀನು ಬಂತು.

ನೀರು ಮತ್ತೆ ಕೆಂಪಾಗತೊಡಗಿತು. ಬಿಚ್ಚುವ ದಿನ ಹತ್ತಿರ ಬಂದ ಹಾಗೆಲ್ಲ ಇಬ್ಬರ ಮಾತೂ ಕಡಿಮೆಯಾಯಿತು. ಒಂದು ಸಂಜೆ ಅವನು ನೆಲಹಲಗೆಯೊಂದನ್ನು ಎತ್ತಿ, ಕೆಳಗಿಟ್ಟಿದ್ದ ಒಂದು ಗಿಡ್ಡ ಹುಟ್ಟನ್ನು ತೋರಿಸಿದ.

"ಇದನ್ನ ಒಪ್ಪಿಸಲ್ಲ. ದೊಡ್ಡ ಬಂಡೆ ಪಕ್ಕದ ಮಡು ಇದೆಯಲ್ಲ, ಅಲ್ಲಿ ಸೆಳೆತ ಇಲ್ಲ. ನಿನ್ನ ದೋಣಿ ಪ್ರತಿ ವರ್ಷ ಆ ಕಡೆಗೇ ಹೋಗೋದು. ನೀನು ಏನೂ ಮಾಡ್ಬೇಡ, ಒಳಗೆ ಕೂತಿರು. ನಾನು ಬಂದು ಪಕ್ಕದಲ್ಲಿ ನಿಲ್ಲಿಸ್ತೀನಿ."

ಅವಳ ಮುಖ ಬಿಳಿಚಿತು. "ಬಿಚ್ಚುವ ದಿನ ಹುಟ್ಟು ಹಾಕ್ತೀಯಾ?"

"ಹೊಳೆ ನೀರಿಗೆ ದೊಣೆನಾಯಕನ ಅಪ್ಪಣೆ ಯಾಕೆ? ಎರಡು ಸಲ ಅನ್ನೋ ಲೆಕ್ಕ ಹೊಳೆ ಹೇಳಿದ್ದಾ, ಮುದುಕರು ಹೇಳಿದ್ದಾ?"

"ನಮ್ಮಮ್ಮ ಹೇಳಿದ್ದು. ಅವಳನ್ನ ಇದೇ ನೀರಿಗೆ ಬಿಟ್ಟಿದೀನಿ. ಹೊಳೆ ಕೊಡದೆ ಇದ್ದಿದ್ದನ್ನ ಕೈ ಹಾಕಿ ತಗೊಂಡ್ರೆ ಅದು ಕಳ್ಳತನ."

"ನಿನಗೆ ನಾನು ಬೇಕಾ, ಬೇಡ್ವಾ? ಅಷ್ಟು ಹೇಳು."

ಕಾಲ ಕೆಳಗೆ ನೀರಿತ್ತು. ದಡ ದೂರವಿತ್ತು.

"ಬೇಕು," ಎಂದಳು. ಆ ಮಾತು ಬಂದ ಮೇಲೆ ಕಣ್ಣೀರೂ ಬಂತು. "ತುಂಬ ಬೇಕು. ಆದ್ರೆ ಕದ್ದಿದ್ದು ಬೇಡ. ನೀನು ಹಾಗೆ ಬಂದು ನಿಂತ್ರೆ ನಾನು ಕಿಟಕಿ ತೆಗೆಯಲ್ಲ."

ಅವನು ಹಲಗೆ ಮುಚ್ಚಿದ. ಆ ರಾತ್ರಿ, ಮರುದಿನ, ಅದರ ಮರುದಿನ, ಕತ್ತರಿ ಬಹಳ ಅಲ್ಲಾಡಿತು. ಮಾತು ಮಾತ್ರ ಇರಲಿಲ್ಲ.

ಬಿಚ್ಚುವ ದಿನ ಬೆಳಿಗ್ಗೆ ಅವಳು ಹುಟ್ಟು ಒಪ್ಪಿಸಿದಳು. ಹಿರಿಯಳು ಅವಳ ಸೋದರತ್ತೆಯೇ. ಅತ್ತೆ ಅವಳ ತಲೆಯ ಮೇಲೆ ಬೊಗಸೆ ನೀರು ಹಾಕಿ, "ತಾಯಿ ಇಟ್ಟ ಕಡೆ ಇರು" ಎಂದು ಹರಸಿ ಕಳಿಸಿದಳು. ಹಗ್ಗ ಬಿಚ್ಚುವಾಗ ಅವನು ಎದುರಿಗೇ ಇದ್ದ. ಹಗ್ಗದ ಗಂಟು ನೆನೆದು ಬಿಗಿದಿತ್ತು. ಇಬ್ಬರ ಬೆರಳುಗಳೂ ಸೇರಿಯೇ ಅದನ್ನು ಬಿಡಿಸಬೇಕಾಯಿತು.

"ಬರ್ತೀನಿ," ಎಂದ.

"ಎಲ್ಲಿಗೆ?" ಎಂದಳು.

ಅವನು ಕಿಟಕಿ ಮುಚ್ಚಿದ.

ಒಳಗೆ ಕತ್ತಲು. ಮೊದಲು ದೋಣಿ ಅತ್ತಿತ್ತ ತೂಗಿತು, ಆಮೇಲೆ ನಿಧಾನಕ್ಕೆ ಜಾರತೊಡಗಿತು. ಕತ್ತರಿ ಬರೀ ಹೊಳೆಯ ತಾಳಕ್ಕೆ ಅಲ್ಲಾಡುತ್ತಿತ್ತು. ಅದರಲ್ಲಿ ಯಾರ ಹೆಜ್ಜೆಯೂ ಇರಲಿಲ್ಲ. ಪ್ರತಿ ವರ್ಷವೂ ಈ ದಿನ ಅವಳು ಹೀಗೆಯೇ ಕೂತಿದ್ದವಳು. ಆದರೆ ಏಕಾಂಗಿಯಾಗಿರುವುದು ಬೇರೆ, ಏಕಾಂಗಿಯಾಗುವುದು ಬೇರೆ. ಎರಡನೆಯದಕ್ಕೆ ಇಷ್ಟು ಸದ್ದಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಹಲಗೆ ಹಲಗೆಯೂ ನರಳುತ್ತಿತ್ತು.

ಬಾಗಿಲ ಸಂದಿಯಿಂದ ಒಂದು ಗೆರೆ ಬೆಳಕು ಬೀಳುತ್ತಿತ್ತು. ಅವಳು ಅದಕ್ಕೆ ಕಣ್ಣಿಟ್ಟಳು. ದೊಡ್ಡ ಬಂಡೆ ಎಡಕ್ಕೆ, ದೂರದಲ್ಲಿತ್ತು. ಅವಳ ದೋಣಿ ಬಲಕ್ಕೆ, ಆಚೆ ದಡದತ್ತ ಸರಿಯುತ್ತಿತ್ತು. ಪ್ರತಿ ವರ್ಷ ಬಂಡೆಯ ಕಡೆಗೇ ಹೋಗುವ ದೋಣಿ, ಈ ವರ್ಷವೇ ಅತ್ತ ಹೋಗುತ್ತಿಲ್ಲ.

ಬಚ್ಚಿಟ್ಟ ಹುಟ್ಟು ಹಾಕಿ ಅವನು ಅಲ್ಲಿ ಬಂದು ನಿಲ್ಲುತ್ತಾನೆ. ಕಿಟಕಿ ತೆರೆದು ನೋಡಿದರೆ ಪಕ್ಕದಲ್ಲಿ ತಾನಿರುವುದಿಲ್ಲ.

ಅವಳು ಎದ್ದಳು. ಇಸ್ತ್ರಿ ಹಲಗೆಯ ಮೇಲಿನ ಬಟ್ಟೆಯನ್ನು ಕಿತ್ತು ಹಾಕಿ ಅದನ್ನು ಕೈಗೆತ್ತಿಕೊಂಡಳು. ಬಾಗಿಲು ತೆರೆದಳು.

ಹುಟ್ಟಿದಂದಿನಿಂದ ಅವಳು ನೋಡದಿದ್ದ ನೋಟ ಅದು. ಕೆಂಪು ನೀರಿನ ತುಂಬ ಕಣ್ಣು ಮುಚ್ಚಿದ ದೋಣಿಮನೆಗಳು, ಒಂದೂ ಸದ್ದಿಲ್ಲದೆ, ಒಂದನ್ನೊಂದು ಸವರಿಕೊಂಡು ಹೋಗುತ್ತಿದ್ದವು. ಎಷ್ಟು ನಂಬಿಕೆಯಿಂದ ಎಲ್ಲರೂ ಒಳಗೆ ಕೂತಿದ್ದಾರೆ ಎನಿಸಿತು. ಮಂಡಿಯೂರಿ ಹಲಗೆಯನ್ನು ನೀರಿಗೆ ಇಳಿಸಿದಳು. ಕ್ಷಮಿಸು ಎಂದು ಹೊಳೆಯನ್ನು ಕೇಳಲಿಲ್ಲ. ಕೇಳಿದ್ದರೆ ನಿಲ್ಲಿಸಬೇಕಾಗುತ್ತಿತ್ತು.

ಬಂಡೆಯ ಮಡು ಸೇರುವಷ್ಟರಲ್ಲಿ ಅಂಗೈಯೆಲ್ಲ ಬೊಬ್ಬೆ. ಅಲ್ಲಿ ಬೇರೆ ಒಂದೆರಡು ದೋಣಿಗಳಿದ್ದವು. ಅವನದಿರಲಿಲ್ಲ. ಬರುತ್ತಾನೆ ಎಂದುಕೊಂಡು ಸಂದಿಗೆ ಕಣ್ಣು ಹಚ್ಚಿ ಕೂತಳು. ಬೆಳಕಿನ ಗೆರೆ ಹಳದಿಯಾಯಿತು, ಕೆಂಪಾಯಿತು, ಆರಿತು.

ಬೆಳಗ್ಗೆ ಪಕ್ಕದ ಕಿಟಕಿಯ ಸದ್ದಾಯಿತು. ಕಂಕುಳಲ್ಲಿ ಮಗುವಿದ್ದ ಒಬ್ಬಳು ಹುಡುಗಿ ಮುಖ ಹೊರಹಾಕಿ ಸಂಭ್ರಮದಿಂದ ಕೂಗಿದಳು: "ಅಯ್ಯೋ, ಟೈಲರಕ್ಕ! ನನ್ನ ಅದೃಷ್ಟ! ಹೊಳೆ ಕೊಟ್ಟಿತು ಅಕ್ಕಾ!"

ಹೊಳೆ ಕೊಟ್ಟಿರಲಿಲ್ಲವಲ್ಲ. ತಗೊಂಡೆ ಎಂದರೆ ನೀರಿನ ಮೇಲೆ ಸುಳ್ಳಾಗುತ್ತದೆ.

"ನನ್ನನ್ನ ಅತ್ತೆ ಹತ್ತಿರ ಕರ್ಕೊಂಡು ಹೋಗ್ತೀಯಾ?" ಎಂದಳು.

ಅತ್ತೆ ಪೂರ್ತಿ ಕೇಳಿಸಿಕೊಂಡಳು. ಬಹಳ ಹೊತ್ತು ಅವಳ ಬೊಬ್ಬೆಯೆದ್ದ ಕೈಗಳನ್ನೇ ನೋಡುತ್ತಿದ್ದಳು.

"ಯಾರಾದ್ರೂ ನೋಡಿದ್ರಾ?"

"ಇಲ್ಲ."

"ಮತ್ತೆ ಯಾಕೆ ಬಂದು ಹೇಳಿದೆ, ಹುಚ್ಚು ಮುಂಡೇದೆ?"

"ಆ ಹುಡುಗಿ ಎಷ್ಟು ಖುಷಿಯಾಗಿ ಕರೆದಳು ಅತ್ತೆ. ಅವಳಿಗೆ ಏನಂತ ಹೇಳ್ಲಿ?"

ಅತ್ತೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ಆಮೇಲೆ ಒಪ್ಪಿಸಿದ ಹುಟ್ಟುಗಳ ರಾಶಿಯಿಂದ ಒಂದು ಗಿಡ್ಡ ಹುಟ್ಟನ್ನು ಎಳೆದು ಅವಳ ಮುಂದಿಟ್ಟಳು.

"ಮೊನ್ನೆ ಸಂಜೆ ಅವನೇ ತಂದು ಕೊಟ್ಟ. 'ಬಚ್ಚಿಟ್ಟಿದ್ದೆ, ಅವಳು ಒಪ್ಪಲ್ಲ' ಅಂದ. ಬೇರೇನೂ ಹೇಳ್ಲಿಲ್ಲ. ನಿನ್ನೆ ಹೊಳೆ ಅವನನ್ನ ಸೀದಾ ಕೊನೆ ತಿರುವಿಗೆ ತಗೊಂಡು ಹೋಯ್ತು. ಅಡ್ಡಹಗ್ಗಕ್ಕೆ ಹೋಗಿ ನಿಂತಿದಾನೆ."

ಅವಳು ಆ ಹುಟ್ಟಿನ ಹಿಡಿಯನ್ನು ಸವರಿದಳು. ಅಲ್ಲಿ ಗ್ರೀಸಿನ ಬೆರಳ ಗುರುತಿತ್ತು. ನಂಬುವವಳು ಹುಟ್ಟು ಹಾಕಿದ್ದಳು. ನಂಬದವನು ಅವಳಿಗಾಗಿ ಕೈಕಟ್ಟಿ ಕೂತಿದ್ದ.

ಹೊಳೆಯವರಲ್ಲಿ ಹೊಡೆತವಿಲ್ಲ, ಬೈಗುಳವಿಲ್ಲ. ಹೊಳೆ ಕೊಡದ ಜಾಗದಲ್ಲಿ ಇರುವಂತಿಲ್ಲ, ಅಷ್ಟೇ. ಅಂಥವರ ದೋಣಿಯನ್ನು ಮತ್ತೆ ಬಿಚ್ಚಿ ಬಿಡುತ್ತಾರೆ. ಅಡ್ಡಹಗ್ಗವನ್ನು ನೀರಿನೊಳಕ್ಕೆ ಇಳಿಸಿ ದಾಟಿಸುತ್ತಾರೆ. ಆಚೆ ಎಲ್ಲಿ ನಿಂತರೆ ಅಲ್ಲಿ ಮುಂದಿನ ನೆರೆ ಬರುವವರೆಗೆ ಒಬ್ಬರೇ ಇರಬೇಕು. ದೋಣಿ ತಾನಾಗಿ ನಿಲ್ಲುವವರೆಗೆ ಯಾರೂ ಅದನ್ನು ಮುಟ್ಟುವಂತಿಲ್ಲ, ತಡೆಯುವಂತಿಲ್ಲ.

ಮರುದಿನ ಬಿಸಿಲೇರುವ ಹೊತ್ತಿಗೆ ಅತ್ತೆ ತನ್ನ ಕೈಯಾರೆ ಹಗ್ಗ ಬಿಚ್ಚಿದಳು. "ಒಬ್ಬಳೇ ಇರೋದು ನಿನಗೆ ಅಭ್ಯಾಸ ಇದೆಯಲ್ಲ," ಎಂದಳು, ಸಮಾಧಾನ ಹೇಳುವಂತೆ.

"ಇತ್ತು," ಎಂದಳು ಅವಳು.

ದೋಣಿಗಳ ಸಾಲುಗಳು ಹಿಂದೆ ಸರಿದವು. ಜನ ಕಿಟಕಿಗಳಲ್ಲಿ ನಿಂತು ನೋಡಿದರು. ಯಾರೋ ಕೈ ಬೀಸಿದರು. ಕೊನೆಯ ತಿರುವಿಗೆ ಸುದ್ದಿ ಮೊದಲೇ ಮುಟ್ಟಿತ್ತು. ಅಡ್ಡಹಗ್ಗ ನೀರಿನೊಳಗೆ ಇಳಿದಿತ್ತು. ಅವನು ತನ್ನ ದೋಣಿಯ ಮೂತಿಯಲ್ಲಿ ನಿಂತಿದ್ದ. ಕೈಯಲ್ಲಿ ಉದ್ದನೆಯ ಹುಟ್ಟು.

"ಹುಚ್ಚಿ!" ಎಂದು ಕೂಗಿದ. "ನನಗೆ ಅಷ್ಟು ಬುದ್ಧಿ ಹೇಳಿ ನೀನೇ ಹುಟ್ಟು ಹಾಕಿದ್ಯಾ?"

"ನೀನ್ಯಾಕೆ ಬರ್ಲಿಲ್ಲ?" ಎಂದು ಇವಳೂ ಕೂಗಿದಳು. "ಬಂಡೆ ಹತ್ತಿರ ಕಾದೆ!"

"ಕಿಟಕಿ ತೆಗೆಯಲ್ಲ ಅಂದಿದ್ದೆಯಲ್ಲ!"

ಸೆಳೆತ ಅವಳ ದೋಣಿಯನ್ನು ಅವನ ಹತ್ತಿರಕ್ಕೇ ತಂದಿತ್ತು. ಹುಟ್ಟು ಚಾಚಿದರೆ ಸಿಗುವಷ್ಟು ಹತ್ತಿರ. ಅವನು ಅದನ್ನು ಎತ್ತಿದ.

"ದೋಣಿ ಮುಟ್ಟಬೇಡ!" ಎಂದಳು, ಅಳುತ್ತಲೇ. "ದಮ್ಮಯ್ಯ, ತಡೀಬೇಡ. ನಿನ್ನನ್ನೂ ಓಡಿಸ್ತಾರೆ."

ಅವನು ಹುಟ್ಟನ್ನು ಕೆಳಗಿಟ್ಟ. ದೋಣಿ ಅವನನ್ನು ದಾಟಿತು. ಅವಳು ತಿರುಗಿ ನೋಡದಿರಲು ಬಾಗಿಲಿಗೆ ಹಣೆಯಾನಿಸಿ ನಿಂತಳು.

ಹಿಂದಿನಿಂದ ದೊಡ್ಡ ಸದ್ದಾಯಿತು, ನೀರಿಗೆ ಏನೋ ಬಿದ್ದ ಹಾಗೆ. ದಡದಲ್ಲಿದ್ದವರು ಹೋ ಎಂದರು. ತಿರುಗಿದರೆ, ಬಟ್ಟೆಬರೆಯ ಸಮೇತ ಧುಮುಕಿದವನು ಕೆಂಪು ನೀರನ್ನು ಸೀಳುತ್ತ ಬರುತ್ತಿದ್ದ. ಹೊಳೆಯೂ ಅದೇ ದಿಕ್ಕಿಗೆ ಹರಿಯುತ್ತಿತ್ತು. ದೋಣಿಯ ಪಕ್ಕಕ್ಕೆ ಬಂದು, ಎರಡು ಕೈಯನ್ನೂ ದೂರ ಇಟ್ಟುಕೊಂಡು, ಏದುಸಿರು ಬಿಡುತ್ತ ತೇಲಿದ.

"ದೋಣಿ ಮುಟ್ಟಿಲ್ಲ ನೋಡು," ಎಂದ. "ನಿನ್ನನ್ನ ತಡೆದೂ ಇಲ್ಲ. ಹೊಳೆ ನಿನ್ನ ಎಲ್ಲಿಗೆ ತಗೊಂಡು ಹೋಗುತ್ತೋ ನನ್ನೂ ಅಲ್ಲಿಗೇ ತಗೊಂಡು ಹೋಗ್ಲಿ. ಬರ್ಲಾ?"

"ಅಲ್ಲಿ ಯಾರೂ ಇಲ್ಲ ಕಣೋ. ಒಂದು ವರ್ಷ."

"ಬರ್ಲಾ ಅಂತ ಕೇಳಿದೆ."

ಅವಳು ಮಂಡಿಯೂರಿ ಬೊಬ್ಬೆಯೆದ್ದ ಕೈಯನ್ನು ಚಾಚಿದಳು. ಅವನು ಹಿಡಿದುಕೊಂಡ. ನೋವಿಗೆ ಅವಳ ಕಣ್ಣಲ್ಲಿ ನೀರು ಬಂತು. ಆದರೂ ಬಿಡಲಿಲ್ಲ.

ಒಳಗೆ ಬಂದವನ ಮೈಯಿಂದ ಸೋರಿದ ನೀರು ಯಾರದೋ ಅರ್ಧ ಹೊಲಿದ ರವಿಕೆಗಳನ್ನು ನೆನೆಸಿತು. ಒಣಗಿದ್ದೇನಾದರೂ ಕೊಡು ಎಂದ. ಗಂಡಸಿನ ಬಟ್ಟೆ ಒಂದೂ ಇರಲಿಲ್ಲ. ಕೊನೆಗೆ ಒಬ್ಬ ದಪ್ಪ ಗಿರಾಕಿಯ ಹೂವಿನ ನೈಟಿಯೊಂದು ಸಿಕ್ಕಿತು. ಅದನ್ನು ತೊಟ್ಟು ಅವನು ಗಂಭೀರವಾಗಿ ಕೂತ.

"ನಿನ್ನ ದೋಣಿ? ಸಾಮಾನು? ಅಷ್ಟೊಂದು ಮೋಟಾರು?"

"ಅಲ್ಲೇ ಇವೆ. ಬೇಕಾದವರು ರಿಪೇರಿ ಕಲಿತುಕೊಳ್ತಾರೆ."

ಅವಳು ನಗಲು ಹೋಗಿ ಅತ್ತಳು. ಅವನು ಅವಳ ಪಕ್ಕಕ್ಕೆ ಸರಿದು ಕೂತ. ಎಷ್ಟೋ ಹೊತ್ತು ಹಾಗೇ ಕೂತಿದ್ದರು. ಹೊರಗೆ ಗೊತ್ತಿಲ್ಲದ ದಡಗಳು ಹೋಗುತ್ತಿದ್ದವು. ಒಂದೇ ಒಂದು ಕಿಟಕಿಯಿಲ್ಲ, ಒಂದು ಹೊಗೆಯಿಲ್ಲ, ಕರೆಯುವ ದನಿಯಿಲ್ಲ. ಅವಳು ಮೆಲ್ಲಗೆ ತಲೆಯನ್ನು ಅವನ ಭುಜಕ್ಕೆ ಆನಿಸಿದಳು.

ಸಂಜೆಯ ಹೊತ್ತಿಗೆ ದೋಣಿಯ ತಳಕ್ಕೆ ಮರಳು ತಾಗಿತು. ಒಮ್ಮೆ ಅಲುಗಿ ನಿಂತುಬಿಟ್ಟಿತು.

ಅವಳು ನೋಡಲು ಏಳಹೊರಟಳು.

"ಕೂತ್ಕೋ," ಎಂದ ಅವನು. "ಎಲ್ಲಿದೀವಿ ಅಂತ ನಾಳೆ ನೋಡೋಣ."

ಅವಳು ಕೂತಳು.